ಹನ್ನೊಂದನೇ ಫರ್ಲಾಂಗಿನ ಪಟ

ಕಚೇರಿಗೆ ಸೇರಿದ ಮೊದಲ ನಾಲ್ಕು ತಿಂಗಳು ನಾನು ಅಲ್ಲಿ ಯಾರೊಂದಿಗೂ ಒಂದು ಪೂರ್ತಿ ವಾಕ್ಯ ಮಾತಾಡಿರಲಿಲ್ಲ. ಕೇಳಿದ್ದಕ್ಕೆ ಹೂಂ, ಇಲ್ಲ, ಆಯ್ತು ಸಾರ್. ಟೈಪಿಸ್ಟ್ ಕಿಟ್ಟಿ ನನಗೆ ಮೂಕಾಂಬಿಕೆ ಅಂತ ಹೆಸರಿಟ್ಟಿದ್ದ. ಬೆಳಿಗ್ಗೆ ನಾನು ಒಳಗೆ ಬಂದರೆ ಕೈಮುಗಿದು, ತಾಯೀ, ಇವತ್ತಾದರೂ ಬಾಯಿಬಿಟ್ಟು ಒಂದು ವರ ಕೊಡು ಅನ್ನುತ್ತಿದ್ದ. ನಾನು ತಲೆ ತಗ್ಗಿಸಿ ಮೂಲೆಯ ಮೇಜಿಗೆ ಹೋಗುತ್ತಿದ್ದೆ. ಮನೆಗೆ ಬಂದ ಮೇಲೆ ಅವನಿಗೆ ಕೊಡಬಹುದಾಗಿದ್ದ ಉತ್ತರವನ್ನೆಲ್ಲ ಡೈರಿಯಲ್ಲಿ ಬರೆಯುತ್ತಿದ್ದೆ. ಅಲ್ಲಿ ನಾನು ತುಂಬ ಮಾತುಗಾತಿ.

ಕೆಲಸ ಮಾತ್ರ ನನಗಾಗಿಯೇ ಮಾಡಿಟ್ಟ ಹಾಗಿತ್ತು. ಜಯನಗರದಿಂದ ಸಾರಕ್ಕಿಯ ಕಡೆಗೆ ಐದು ವರ್ಷದ ಹಿಂದೆ, ಐವತ್ತೊಂಬತ್ತರಲ್ಲಿ, ಬಸ್ ಓಡಾಡುವಂಥ ರಸ್ತೆ ಹಾಕಿದ್ದರು. ಕೆಲಸ ಶುರುವಾಗುವ ಮೊದಲು ಒಂದೊಂದು ಫರ್ಲಾಂಗಿಗೂ ಒಂದೊಂದು ಪಟ ತೆಗೆಸಿ ಇಟ್ಟಿದ್ದರು. ಪಟಗಳು ಒಂದು ತಗಡಿನ ಟ್ರಂಕಿನಲ್ಲಿದ್ದವು. ಯಾವ ಪಟ ಯಾವ ಜಾಗದ್ದು ಎಂದು ಬರೆದ ಪುಸ್ತಕದ ಅರ್ಧವನ್ನು ಗೆದ್ದಲು ತಿಂದಿತ್ತು. ಈಗ ಅದೇ ರಸ್ತೆಯನ್ನು ಅಗಲ ಮಾಡಿ, ನಡುವೆ ಒಂದು ಬಸ್ ನಿಲ್ದಾಣ ಕಟ್ಟಬೇಕು. ಅದಕ್ಕೆ ಮೊದಲು ಹಳೆಯ ಪಟಗಳ ಜಾಗ ಗುರುತಿಸಿ, ಹಿಂದುಗಡೆ ಬರೆದು, ಆಲ್ಬಮ್ಮಿಗೆ ಅಂಟಿಸಬೇಕು. ಹಿಸ್ಟರಿಯಲ್ಲಿ ಬಿ.ಎ. ಮಾಡಿದ ಹುಡುಗಿಗೆ ಇನ್ನೇನು ಕೊಡುತ್ತಾರೆ, ಕೊಟ್ಟರು.

ಪಟಗಳಲ್ಲಿ ಜಾಗದ ಹೆಸರು ಎಲ್ಲಿಯೂ ಇರಲಿಲ್ಲ. ಪ್ರತಿಯೊಂದರಲ್ಲೂ ಒಬ್ಬ ಆಳು ಸ್ಲೇಟು ಹಿಡಿದು ನಿಂತಿರುತ್ತಿದ್ದ. ಅದರ ಮೇಲೆ ಬಳಪದಲ್ಲಿ ಫರ್ಲಾಂಗಿನ ಅಂಕಿ, ಅಷ್ಟೆ. ಮಿಕ್ಕದ್ದೆಲ್ಲ ನಾನೇ ಹುಡುಕಬೇಕು. ಬಿಸಿಲಿನಲ್ಲಿ ಕೊಡೆ ಹಿಡಿದು ರಸ್ತೆಯುದ್ದಕ್ಕೂ ನಡೆಯುತ್ತಿದ್ದೆ. ಈ ಬಂಡೆ ಪಟದಲ್ಲೂ ಇದೆ. ಆ ಹೆಂಚಿನ ಮನೆಗೆ ಆಗ ಒಂದೇ ಬಾಗಿಲು ಇತ್ತು. ಫೋಟೋಗ್ರಾಫರ್ ಯಾವಾಗಲೂ ಜಯನಗರದ ತುದಿಯಿಂದ ಹೊರಟು ತೆಂಕಲಿಗೆ ಮುಖ ಮಾಡಿ, ಮುಂದಿನ ದಾರಿಯನ್ನೇ ತೆಗೆದಿದ್ದ ಅನ್ನುವುದು ವಾರದೊಳಗೆ ಗೊತ್ತಾಯಿತು. ಹಾಗಾಗಿ ಪಟದ ಎಡಗಡೆ ಇರುವುದೆಲ್ಲ ಪೂರ್ವ, ಬಲಗಡೆ ಇರುವುದೆಲ್ಲ ಪಶ್ಚಿಮ. ಇಷ್ಟು ಸಲೀಸಾದ ಲೆಕ್ಕ ನನ್ನ ಬದುಕಿನಲ್ಲಿ ಬೇರೆ ಯಾವುದೂ ಇರಲಿಲ್ಲ.

ಮುನಿವೆಂಕಟಮ್ಮ ಬಂದದ್ದು ಜೂನ್ ತಿಂಗಳಲ್ಲಿ. ಮೊದಲ ದಿನ ಜಗಲಿಯ ಮೇಲೆ ಕೂತು, ಇಂಜಿನಿಯರ್ ಸಾಹೇಬರನ್ನು ನೋಡದೆ ಏಳುವುದಿಲ್ಲ ಅಂದಳು. ಎಪ್ಪತ್ತರ ಹತ್ತಿರದ ಮುದುಕಿ. ಕಲ್ಲುಬಾವಿಪಾಳ್ಯದವಳು. ಆ ಪಾಳ್ಯ ಈಗ ಇಲ್ಲ. ಹನ್ನೊಂದನೇ ಫರ್ಲಾಂಗಿನಲ್ಲಿ ಅದರ ಹೊಲಗಳ ಮೇಲೆ ರಸ್ತೆ ಹೋಗಿದೆ. ಮನೆಯವರಿಗೆಲ್ಲ ತಿಲಕ್ ನಗರದ ಕಡೆ ಜಾಗ ಕೊಟ್ಟಿದ್ದಾರೆ. ಅವಳ ಮಗ ತಿಮ್ಮರಾಯಪ್ಪ ಅಲ್ಲೇ ಹಾಲಿನ ವ್ಯಾಪಾರ ಮಾಡಿಕೊಂಡಿದ್ದಾನೆ.

ಅವಳು ಕೇಳಿದ್ದು ಒಂದೇ. ಅವಳ ಗಂಡ ಚಿಕ್ಕಬೈರಪ್ಪನನ್ನು ಸ್ವಂತ ಹೊಲದಲ್ಲಿ, ಹುಣಸೆಮರದ ಬುಡದಲ್ಲಿ ಮಣ್ಣು ಮಾಡಿ ಕಲ್ಲು ನಿಲ್ಲಿಸಿದ್ದರು. ರಸ್ತೆ ಬಂದಾಗ ಮರ ಹೋಯಿತು, ಕಲ್ಲು ಹೋಯಿತು, ಅವನೇ ತೋಡಿಸಿದ ಬಾವಿಯೂ ಮುಚ್ಚಿತು. ಆಳೆತ್ತರ ಮಣ್ಣು ತುಂಬಿ ನೆಲವೆಲ್ಲ ಒಂದೇ ಸಮ ಆಯಿತು. ಆದರೂ ಪಿತೃಪಕ್ಷದಲ್ಲಿ ಅವಳು ಬಂದು, ಕಾಲಲ್ಲಿ ಅಳೆದುಕೊಂಡು, ಒಂದು ಜಾಗದಲ್ಲಿ ಎಡೆಯಿಟ್ಟು ಹಾಲು ಬಿಟ್ಟು ಹೋಗುತ್ತಿದ್ದಳು. ಈಗ ಅಲ್ಲಿ ಬಸ್ ನಿಲ್ದಾಣ ಬರುತ್ತದಂತೆ. ಗಂಡನ ಎದೆಯ ಮೇಲೆ ಬಸ್ಸು ನಿಲ್ಲುವುದು ಬೇಡ. ಹತ್ತಡಿ ಜಾಗ ಬಿಟ್ಟುಬಿಡಿ.

ಇಂಜಿನಿಯರ್ ಅನಂತಪದ್ಮನಾಭ ರಾಯರು ಒಳ್ಳೆಯವರು. ಇದನ್ನು ನಾನು ಈಗಲೂ ಹೇಳುತ್ತೇನೆ. ಗದರಲಿಲ್ಲ, ಅರ್ಜಿ ಬರೆಸಿಕೊಂಡು ಬಾ ಅನ್ನಲಿಲ್ಲ. ನಕ್ಷೆ ಬಿಡಿಸಿ ಮೇಜಿನ ಮೇಲೆ ಹರವಿದರು. ನಿಲ್ದಾಣವನ್ನು ರಸ್ತೆಯ ಯಾವ ಪಕ್ಕ ಬೇಕಾದರೂ ಕಟ್ಟಬಹುದು, ಇನ್ನೂ ನಿಶ್ಚಯವಾಗಿಲ್ಲ, ಸಮಾಧಿ ಇದ್ದ ಪಕ್ಕವನ್ನು ಬಿಟ್ಟು ಇನ್ನೊಂದು ಪಕ್ಕ ಕಟ್ಟೋಣ, ಇದ್ದಲ್ಲಿ ಬೇಲಿ ಹಾಕಿಸೋಣ ಅಂದರು. ಆದರೆ ಯಾವ ಪಕ್ಕ? ಹಳ್ಳಿಯ ನಕ್ಷೆ ಬಾವಿ ತೋಡುವುದಕ್ಕಿಂತ ಮೊದಲಿನದು, ಅದರಲ್ಲಿ ಬಾವಿಯೂ ಇಲ್ಲ, ಮರವೂ ಇಲ್ಲ. ಮುದುಕಿ ಪಡುವಲ ಪಕ್ಕ ಅಂದಳು. ಬಾವಿ ಮೂಡಲಿಗೆ, ಹುಣಸೆ ಪಡುವಲಿಗೆ. ಮಗ ತಿಮ್ಮರಾಯಪ್ಪ ಮುಖ ಸಿಂಡರಿಸಿ, ಅವ್ವಂಗೆ ತಿಲಕ್ ನಗರದಲ್ಲಿ ನಮ್ಮ ಮನೇನೇ ಒಂದೊಂದ್ಸಲ ಸಿಗಾಕಿಲ್ಲ ಸಾರ್, ಹೋದ ವರ್ಷ ಒಂದು ಕಡೆ ಎಡೆ ಇಕ್ಕಿದ್ಳು, ಅದರ ಹಿಂದಿನ ವರ್ಷ ಇನ್ನೆಲ್ಲೋ ಅಂದ. ತಾನು ಆ ಕಾಲದಲ್ಲಿ ಮಂಡ್ಯದ ಕಡೆ ಕೆಲಸದಲ್ಲಿದ್ದೆ, ತನಗೆ ಸರಿಯಾಗಿ ನೆನಪಿಲ್ಲ ಅಂತಲೂ ಹೇಳಿದ.

ರಾಯರು ನನ್ನ ಕಡೆ ತಿರುಗಿ, ಹನ್ನೊಂದನೆಯ ಪಟ ಇದೆಯೇನಮ್ಮ ಎಂದು ಕೇಳಿದರು.

ಇತ್ತು. ನಾನು ಅದನ್ನು ಮನೆಗೆ ಒಯ್ದೆ. ರೂಪಾಯಿಯಷ್ಟು ಅಗಲದ ಭೂತಗನ್ನಡಿ ಹಿಡಿದು ಮೂರು ದಿನ ಅದರೊಳಗೇ ಇದ್ದೆ. ನಡುವೆ ಮಣ್ಣಿನ ದಾರಿ. ಎಡಗಡೆ ಹುಣಸೆಮರ, ಬುಡದಲ್ಲಿ ಮೊಳದೆತ್ತರದ ಒಂದು ಕಲ್ಲು. ಬಲಗಡೆ ಬಾವಿಯ ಕಟ್ಟೆ. ಕಟ್ಟೆಯ ಪಕ್ಕ ಹೆಗಲ ಮೇಲೆ ಕೊಡ ಹೊತ್ತ ಒಬ್ಬರು ಬ್ರಾಹ್ಮಣರು. ಪಂಚೆಯಿಂದ ಮೇಲೆ, ಮೈಮೇಲೆ ಜನಿವಾರ ಬಿಟ್ಟರೆ ಬೇರೇನೂ ಇಲ್ಲ. ಊರಿನ ಹನುಮಂತನ ಗುಡಿಯ ಅರ್ಚಕರಂತೆ, ಈಗ ತೀರಿಕೊಂಡಿದ್ದಾರೆ. ಅಯ್ನೋರೂ ನಮ್ಮ ಬಾವಿ ನೀರೇ ಒಯ್ಯೋರು ಅಂತ ಮುನಿವೆಂಕಟಮ್ಮ ಹೆಮ್ಮೆಯಿಂದ ಹೇಳಿದ್ದಳು. ಸ್ಲೇಟಿನ ಮೇಲೆ ಎರಡು ನೆಟ್ಟನೆಯ ಗೀಟು, ಹನ್ನೊಂದು.

ಮರ ಎಡಗಡೆ, ಎಂದರೆ ಪೂರ್ವ. ಮುದುಕಿ ಹೇಳಿದ್ದಕ್ಕೆ ತದ್ವಿರುದ್ಧ.

ರಾಯರು ಒಂದು ಎಚ್ಚರಿಕೆ ಹೇಳಿ ಕಳಿಸಿದ್ದರು. ಪಟ ಮೂಡೋದು ಗಾಜಿನ ಪ್ಲೇಟಿನ ಮೇಲೆ ನೋಡಮ್ಮ, ಕಾಗದಕ್ಕೆ ಇಳಿಸುವಾಗ ಒಂದೊಂದು ಸಲ ಅದನ್ನ ಮಗುಚಿಟ್ಟು ಪ್ರಿಂಟ್ ಹಾಕಿಬಿಡ್ತಾರೆ, ಆಗ ಎಡ ಬಲ ಅದಲುಬದಲಾಗುತ್ತೆ ಅಂದಿದ್ದರು. ಹನ್ನೆರಡನೆಯದೋ ಹದಿಮೂರನೆಯದೋ ಆಗಿದ್ದರೆ ಸ್ಲೇಟಿನ ಅಂಕಿಯೇ ಹೇಳುತ್ತಿತ್ತು. ಹನ್ನೊಂದು ಯಾವ ಕಡೆಯಿಂದ ನೋಡಿದರೂ ಹನ್ನೊಂದೇ.

ಮೂರನೆಯ ದಿನ ನನಗೆ ಅರ್ಚಕರ ಜನಿವಾರ ಕಾಣಿಸಿತು. ಅದು ಅವರ ಬಲಹೆಗಲ ಮೇಲಿತ್ತು.

ಬೇರೆ ಯಾರಾದರೂ ಆಗಿದ್ದರೆ, ಜನಿವಾರ ಇರಬೇಕಾದ್ದು ಎಡಹೆಗಲ ಮೇಲಲ್ಲವೇ, ಪಟವೇ ಉಲ್ಟಾ ಅಂದುಬಿಡುತ್ತಿದ್ದರು. ನಾನು ಹಾಗನ್ನಲಿಲ್ಲ. ನಾನು ಬಸವನಗುಡಿಯ ಸೇತುರಾಮ ಮೇಷ್ಟರ ಮಗಳು. ಅಪ್ಪ ಪ್ರತಿ ಅಮಾವಾಸ್ಯೆ ಹಿತ್ತಿಲಲ್ಲಿ ಕೂತು ತರ್ಪಣ ಬಿಡುವುದನ್ನು ನೋಡುತ್ತಲೇ ಬೆಳೆದವಳು. ಎಳ್ಳಿನ ಬಟ್ಟಲು ತಂದಿಡುವುದು ನನ್ನ ಕೆಲಸ. ಪಿತೃಗಳಿಗೆ ನೀರು ಬಿಡುವಾಗ ಅಪ್ಪ ಜನಿವಾರವನ್ನು ಬಲಹೆಗಲಿಗೆ ಹಾಕಿಕೊಳ್ಳುತ್ತಾರೆ. ಅರ್ಚಕರು ಬಾವಿಯ ಹತ್ತಿರ ತರ್ಪಣ ಬಿಟ್ಟು ಎದ್ದಿದ್ದಾರೆ, ಜನಿವಾರ ಇನ್ನೂ ಬದಲಿಸಿಲ್ಲ. ಪುಸ್ತಕದಲ್ಲಿ ಗೆದ್ದಲು ಬಿಟ್ಟಿದ್ದ ಚೂರಿನಲ್ಲಿ, ಜನವರಿ, ಎರಡನೇ ವಾರ ಅಂತಿತ್ತು. ಅಟ್ಟದಿಂದ ಹಳೆಯ ಪಂಚಾಂಗ ಇಳಿಸಿ ನೋಡಿದೆ. ಆ ವಾರದಲ್ಲೇ ಅಮಾವಾಸ್ಯೆ. ಪಟದಲ್ಲಿ ಮರದ ನೆರಳು ಬಲಕ್ಕೆ ಬಿದ್ದಿದೆ, ಎಂದರೆ ಬೆಳಗಿನ ಹೊತ್ತು. ಅಮಾವಾಸ್ಯೆಯ ಬೆಳಿಗ್ಗೆ, ಬಲಹೆಗಲ ಜನಿವಾರ. ಎಲ್ಲವೂ ಒಂದಕ್ಕೊಂದು ಕೂಡಿ ಬಂತು. ಪಟ ಉಲ್ಟಾ ಅಲ್ಲ, ಮರ ಪೂರ್ವಕ್ಕೇ. ಆ ದಿನ ಡೈರಿಯಲ್ಲಿ ನಾಲ್ಕು ಪುಟ ಬರೆದಿದ್ದೇನೆ. ಈಗ ಆ ಪುಟಗಳನ್ನು ತೆರೆಯುವುದಕ್ಕೆ ಆಗುವುದಿಲ್ಲ.

ಮಾರನೆಯ ದಿನ ರಾಯರ ಕೋಣೆಯಲ್ಲಿ ಎಲ್ಲರೂ ಇದ್ದರು. ಮುನಿವೆಂಕಟಮ್ಮ ನೆಲದ ಮೇಲೆ, ತಿಮ್ಮರಾಯಪ್ಪ ಬಾಗಿಲ ಹತ್ತಿರ, ಕಾಗದ ಹಿಡಿದ ಕಿಟ್ಟಿ. ನಾನು ಮಾತಾಡಿದೆ. ಸ್ಲೇಟು, ನೆರಳು, ಪಂಚಾಂಗ, ಜನಿವಾರ, ಒಂದಾದ ಮೇಲೊಂದು. ರಾಯರು ಭೂತಗನ್ನಡಿ ಇಸಿದುಕೊಂಡು ನೋಡಿ, ಭೇಷ್, ನಾನು ನೂರು ಸಲ ನೋಡಿದ್ದರೂ ಇದು ಹೊಳೀತಿರಲಿಲ್ಲ ಅಂದರು. ಅವರ ಮನೆಯಲ್ಲೂ ತರ್ಪಣ ಬಿಡುತ್ತಾರಲ್ಲ, ತಕ್ಷಣ ಒಪ್ಪಿಗೆಯಾಯಿತು. ಕಿಟ್ಟಿ ನನ್ನನ್ನೇ ನೋಡುತ್ತಿದ್ದ.

ಮುನಿವೆಂಕಟಮ್ಮ ಮಾತ್ರ, "ನನ್ನ ಕಾಲು ಪಡುವಲಕ್ಕೇ ಹೋಗ್ತದೆ ಅಮ್ಮಣ್ಣಿ," ಅಂದಳು.

ಆಗ ನಾನು ಹೇಳಿದ ಮಾತು ಅಕ್ಷರಶಃ ಹೀಗಿತ್ತು: "ಕಾಲು ತಪ್ಪಬಹುದು ಅಜ್ಜಿ. ಪಟ ತಪ್ಪಲ್ಲ."

ಅವಳು ನನ್ನ ಮುಖವನ್ನು ನೋಡಿದಳು. ಆಮೇಲೆ ತನ್ನ ಪಾದಗಳನ್ನು ನೋಡಿಕೊಂಡಳು. ಓದಿದ ಮಗು ಹೇಳ್ತದೆ, ಇದ್ದಾತು ಅಂದಳು. ನಾನು ಪಟದ ಹಿಂದೆ, ಹನ್ನೊಂದನೇ ಫರ್ಲಾಂಗು, ಸಮಾಧಿ ಕಲ್ಲು ರಸ್ತೆಯ ಪೂರ್ವಕ್ಕೆ ಎಂದು ಮಸಿಯಲ್ಲಿ ಬರೆದೆ. ರಾಯರು ಕೆಳಗೆ ರುಜು ಹಾಕಿದರು. ಸಂಜೆ ಹೋಗುವಾಗ ಕಿಟ್ಟಿ ಕೈಮುಗಿಯದೆ, ಬರ್ತೀನಮ್ಮ ಅಂದ.

ಜುಲೈಯಲ್ಲಿ ಪೂರ್ವದ ಪಕ್ಕ ಹತ್ತಡಿ ಜಾಗಕ್ಕೆ ಕಲ್ಲುಕಂಬ ನೆಟ್ಟು ತಂತಿಬೇಲಿ ಹಾಕಿದರು. ಆಗಸ್ಟಿನಲ್ಲಿ ಪಶ್ಚಿಮದ ಪಕ್ಕ ಅಗೆಯಲು ಶುರು ಮಾಡಿದರು. ಸೆಪ್ಟೆಂಬರ್ ಮೊದಲ ವಾರ ಅಲ್ಲಿ ಕಾಂಕ್ರೀಟು ಹಾಕಿದರು. ಮುನಿವೆಂಕಟಮ್ಮ ವಾರಕ್ಕೊಮ್ಮೆ ಬಂದು ಬೇಲಿಯೊಳಗಿನ ಕಳೆ ಕೀಳುತ್ತಿದ್ದಳು. ಒಂದು ದಿನ ಕಚೇರಿಗೆ ಬಂದು, ಅಮ್ಮಣ್ಣಿ, ಆ ಪಟ ಇನ್ನೊಂದು ಸಿಕ್ಕಾತಾ ಅಂದಳು. ಮನೆಯಲ್ಲಿ ಯಜಮಾನನದು ಅಂತ ಒಂದು ಪಟವೂ ಇಲ್ಲ. ಅವನ ಕಲ್ಲಾದರೂ ಇರುವ ಪಟ ಇದೊಂದೇ. ಮಾಲಯ ಅಮಾವಾಸ್ಯೆಗೆ ಎಡೆಯ ಮುಂದೆ ಇಟ್ಟುಕೊಳ್ಳುತ್ತೇನೆ ಅಂದಳು. ನಾನು ತರಿಸಿಕೊಡುತ್ತೇನೆ ಅಂದೆ. ನನಗೆ ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ.

ಪಟಗಳನ್ನು ತೆಗೆದ ಶಾಮಣ್ಣನವರ ಸ್ಟುಡಿಯೋ ಗಾಂಧಿಬಜಾರಿನ ಅಡ್ಡರಸ್ತೆಯೊಂದರಲ್ಲಿತ್ತು. ಅಮಾವಾಸ್ಯೆಗೆ ಮೂರು ದಿನ ಇರುವಾಗ ಹೋದೆ. ಕಚೇರಿಯ ಪ್ಲೇಟುಗಳನ್ನೆಲ್ಲ ಅವರು ಮರದ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದರು. ಹನ್ನೊಂದನೆಯದನ್ನು ತೆಗೆದು ಬೆಳಕಿಗೆ ಹಿಡಿದರು. ನಾನು ತಂದಿದ್ದ ಪಟದ ಪಕ್ಕ ಇಟ್ಟು ನೋಡಿದರು. ಮತ್ತೆ ಪ್ಲೇಟಿನ ಒಂದು ಮೂಲೆಯನ್ನು ತುಟಿಗೆ ಒತ್ತಿ ನೋಡಿದರು. ಮದ್ದು ಬಳಿದ ಮುಖ ತುಟಿಗೆ ಅಂಟುತ್ತದೆ, ಬರೀ ಗಾಜಿನ ಮುಖ ಅಂಟುವುದಿಲ್ಲ ಎಂದು ಆಮೇಲೆ ಹೇಳಿದರು.

"ಇದನ್ನ ಉಲ್ಟಾ ಹಾಕಿದೀನಲ್ಲಮ್ಮ," ಅಂದರು.

ಮೊದಲು ಕೊಟ್ಟಿದ್ದ ಪಟದ ಮೇಲೆ ಕಚೇರಿಯಲ್ಲಿ ಯಾರೋ ಕಾಫಿ ಚೆಲ್ಲಿ ಹಾಳು ಮಾಡಿದ್ದರಂತೆ. ಇನ್ನೊಂದು ಬೇಕು ಅಂತ ಅವಸರ ಮಾಡಿದರಂತೆ. ಆ ವಾರ ಇವರ ಮಗಳ ಮದುವೆ. ಕತ್ತಲ ಕೋಣೆಯಲ್ಲಿ ಪ್ಲೇಟು ಮಗುಚಿಕೊಂಡಿದೆ. ಸ್ಲೇಟಿನ ಅಂಕಿ ಸರಿಯಾಗೇ ಕಂಡದ್ದರಿಂದ ಹಾಗೇ ಕೊಟ್ಟುಬಿಟ್ಟಿದ್ದಾರೆ. ಏನೂ ಮಹಾ ಮೋಸ ಆಗಿಲ್ಲ ತಾನೇ ಅಂತ ಕೇಳಿದರು.

ನಾನು, ಅದನ್ನು ತೆಗೆದ ಹೊತ್ತು ನೆನಪಿದೆಯಾ ಎಂದು ಕೇಳಿದೆ. ಅವರು ನಕ್ಕರು. ಯಾಕಿಲ್ಲ, ಊಟ ಮುಗಿಸಿ ಸೈಕಲ್ಲಿನಲ್ಲಿ ಹೋಗಿದ್ದೆ, ಮಧ್ಯಾಹ್ನ ಮೂರೂವರೆ ಇರಬಹುದು. ಅರ್ಚಕರು ಸಂಜೆ ಪೂಜೆಗೆ ನೀರು ಒಯ್ಯೋಕೆ ಬಂದಿದ್ದರು, ನನ್ನದೂ ಒಂದು ಬರಲಿ ಅಂತ ಅವರೇ ನಿಂತುಕೊಂಡರು. ಬಾವಿ ಎಡಕ್ಕಿತ್ತು, ಸೈಕಲ್ಲನ್ನ ಅದರ ಕಟ್ಟೆಗೆ ಒರಗಿಸಿದ್ದೆ. ಮರ ಬಲಕ್ಕೆ.

ಅವರು ಸರಿಯಾದ ಪ್ರಿಂಟು ಹಾಕಿಕೊಡುವ ತನಕ ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ. ಒದ್ದೆ ಕಾಗದವನ್ನು ದಾರಕ್ಕೆ ಸಿಕ್ಕಿಸಿದರು. ಹುಣಸೆಮರ ಬಲಕ್ಕೆ ಹೋಗಿತ್ತು, ಬಾವಿ ಎಡಕ್ಕೆ. ಅರ್ಚಕರ ಜನಿವಾರ ಎಡಹೆಗಲಿನಿಂದ ಇಳಿದು, ಎಲ್ಲರ ಜನಿವಾರದ ಹಾಗೆ, ಬಲಸೊಂಟಕ್ಕೆ ಬಂದಿತ್ತು.

ಮಾರನೆಯ ದಿನ ಎರಡೂ ಪಟಗಳನ್ನು ರಾಯರ ಮೇಜಿನ ಮೇಲಿಟ್ಟೆ. ಅವರು ನೋಡುತ್ತಾ ಕೂತರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಕಾಂಕ್ರೀಟು ಬಿದ್ದು ತಿಂಗಳಾಗುತ್ತ ಬಂತು ಅಂದರು. ಒಡೆಯಿರಿ ಅಂತ ನಾನು ಬರೆಯಬಹುದು, ಒಡೆಯೋದಿಲ್ಲ, ಮೇಲಿನವರು ಯಾಕೆ ಅಂತ ಕೇಳ್ತಾರೆ, ಜನಿವಾರ ನೋಡಿ ನಿರ್ಧಾರ ಮಾಡಿದ್ವಿ ಅಂತ ಬರೀಲೇನಮ್ಮ ಅಂದರು. ಅಣಕಿಸಿ ಹೇಳಿದ್ದಲ್ಲ, ನಿಜವಾಗಿಯೂ ನನ್ನನ್ನೇ ಕೇಳುತ್ತಿದ್ದರು. ಅಗೆಯುವಾಗ ಏನಾದರೂ ಸಿಕ್ಕಿತ್ತೇ ಎಂದು ನಾನು ಕೇಳಿದೆ. ಅವರು ಕಿಟಕಿಯ ಕಡೆ ನೋಡಿದರು. ಮಣ್ಣನ್ನು ಲಾರಿಯಲ್ಲಿ ಒಯ್ದು ಎಲ್ಲೆಲ್ಲೋ ತಗ್ಗಿಗೆ ತುಂಬಿದ್ದಾರೆ, ಯಾರು ನೋಡಿರುತ್ತಾರೆ ಅಂದರು. ಎರಡೂ ಪಟಗಳನ್ನು ನನ್ನ ಕಡೆ ಸರಿಸಿ, "ನೀವು ಹೇಳಿದಿರಿ, ನಾನು ರುಜು ಹಾಕಿದೆ. ಆ ಹೆಂಗಸಿಗೆ ಈಗ ನೆಮ್ಮದಿ ಇದೆ. ಅದನ್ನೂ ಯಾಕೆ ತೆಗೀತೀರಿ?" ಅಂದರು.

ಮೂಲೆಯ ಮೇಜಿಗೆ ಬಂದು ಕೂತೆ. ಕಿಟ್ಟಿ ಏನಾಯ್ತು ಎಂದು ಕೇಳಿದ. ನಾನು ತಲೆ ಅಲ್ಲಾಡಿಸಿದೆ.

ಮಹಾಲಯ ಅಮಾವಾಸ್ಯೆಯ ದಿನ ಬೆಳಿಗ್ಗೆ ಅಪ್ಪನಿಗೆ ಎಳ್ಳು, ದರ್ಭೆ ತಂದಿಟ್ಟೆ. ಅಪ್ಪ ಜನಿವಾರವನ್ನು ಬಲಹೆಗಲಿಗೆ ಹಾಕಿಕೊಂಡಾಗ ಅಲ್ಲಿ ನಿಲ್ಲಲಾಗದೆ ಒಳಗೆ ಹೋದೆ. ಹನ್ನೊಂದು ಗಂಟೆಗೆ ಕಚೇರಿಯಲ್ಲಿ ಕೆಲಸವಿದೆ ಅಂತ ಹೇಳಿ ಹೊರಟೆ. ಚೀಲದಲ್ಲಿ ಎರಡೂ ಪಟಗಳಿದ್ದವು.

ಮುನಿವೆಂಕಟಮ್ಮ ಬೇಲಿಯೊಳಗೆ ಒಬ್ಬಳೇ ಕೂತಿದ್ದಳು. ನೆಲ ಸಾರಿಸಿ, ಬಾಳೆಯೆಲೆ ಹಾಸಿ, ಎಡೆ ಬಡಿಸಿದ್ದಳು. ಒಂದು ಕಡೆ ಹೊಸ ಪಂಚೆ ಮಡಿಸಿಟ್ಟಿತ್ತು. ಚೊಂಬಿನಲ್ಲಿ ಹಾಲು. ನನ್ನನ್ನು ಕಂಡು, ಬಾ ಅಮ್ಮಣ್ಣಿ, ಚಪ್ಪಲಿ ಅಲ್ಲೇ ಬಿಡು ಅಂದಳು. ತಿಮ್ಮರಾಯಪ್ಪ ಹಾಲು ಹಾಕಿ ಮುಗಿಸಿ ಬರುತ್ತಾನಂತೆ. ನಾನು ಹೊಸ ಪಟ ಕೊಟ್ಟೆ. ಅವಳು ಎರಡೂ ಕೈಯಲ್ಲಿ ಇಸಿದುಕೊಂಡು ಎಲೆಯ ಮುಂದೆ ಮಣ್ಣು ಕೂಡಿಸಿ ನಿಲ್ಲಿಸಿದಳು. ಆಮೇಲೆ ಹಾಲು ಬಿಡಲು ಶುರು ಮಾಡಿದಳು. ನೆಲದ ಜೊತೆ ಮಾತಾಡುತ್ತಾ ಬಿಡುತ್ತಿದ್ದಳು, ಮೆಲ್ಲಗೆ, ಮನೆಯೊಳಗೆ ಮಾತಾಡಿದ ಹಾಗೆ.

"ಐದು ವರ್ಷ ಆ ಕಡೆ ಇಕ್ಕಿಬುಟ್ಟೆ ಕಣಪ್ಪ. ನೀನು ಇಲ್ಲಿ ಹಸಕಂಡಿದ್ದೆ. ನನ್ನ ಕಾಲು ಸುಳ್ಳು ಹೇಳ್ತು. ಮನಸಿಗೆ ತಕಬ್ಯಾಡ."

ಅದನ್ನು ಕೇಳಿಕೊಂಡು ಸುಮ್ಮನಿರಲು ಆಗಲಿಲ್ಲ. ಅವಳು ಗಂಡನ ಹತ್ತಿರ ಕ್ಷಮೆ ಕೇಳುತ್ತಿದ್ದಳು. ಯಾವುದಕ್ಕೆಂದರೆ, ಸರಿಯಾದ ಜಾಗದಲ್ಲಿ ಐದು ವರ್ಷ ಎಡೆ ಇಟ್ಟಿದ್ದಕ್ಕೆ. ನಾನು ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಗಾಜಿನ ಪ್ಲೇಟು, ಮಗುಚಿದ್ದು, ಜನಿವಾರ. ಮಾತು ಒಂದರ ಮೇಲೊಂದು ಬಿದ್ದು ತೊದಲುತ್ತಿತ್ತು. ಚೀಲದಿಂದ ಹಳೆಯ ಪಟ ತೆಗೆದು ಹೊಸದರ ಪಕ್ಕ ಹಿಡಿದೆ. ನೋಡಿ ಅಜ್ಜಿ, ಇದರಲ್ಲಿ ಮರ ಈ ಕಡೆ, ಇದರಲ್ಲಿ ಆ ಕಡೆ. ನೀವು ಹೇಳಿದ್ದೇ ಸರಿ. ನಿಮ್ಮ ಕಾಲು ಸರಿಯಾಗೇ ಹೋಗ್ತಿತ್ತು. ತಪ್ಪು ನನ್ನದು.

ಅವಳು ಎರಡನ್ನೂ ನೋಡಿದಳು. ಕಣ್ಣು ಕಿರಿದು ಮಾಡಿ, ಹತ್ತಿರ ತಂದು, ದೂರ ಹಿಡಿದು. ಎರಡರಲ್ಲೂ ಅದೇ ಮರ, ಅದೇ ಕಲ್ಲು, ಅದೇ ಬಾವಿ. ಎರಡೂ ಒಂದೇ ಅಲ್ವವ್ವ ಅಂದಳು. ಆಮೇಲೆ ನನ್ನ ಮುಖ ನೋಡಿ ನಕ್ಕಳು. ಬಾಯಲ್ಲಿ ಉಳಿದಿದ್ದು ಮೂರು ಹಲ್ಲು.

"ನಾನು ನೊಂದ್ಕಂಡೆ ಅಂತ ಹಿಂಗಂತೀಯ ನೀನು. ಒಳ್ಳೆ ಮಗು. ಕಾಲು ತಪ್ಪತದೆ, ಪಟ ತಪ್ಪಾಕಿಲ್ಲ ಅಂತ ನೀನೇ ಹೇಳಿದ್ಯಲ್ಲ."

ಇಲ್ಲ ಅಜ್ಜಿ, ಪಟವೇ ತಪ್ಪಿತ್ತು ಅಂದೆ. ಅವಳು ನನ್ನ ಗಲ್ಲ ಸವರಿ, ಇರಲಿ ಬುಡು ಅಂದಳು. ಇಲ್ಲಿ ಬೇಲಿ ಹಾಕವ್ರೆ, ಸರ್ಕಾರದೋರೇ ರುಜು ಹಾಕವ್ರೆ, ತಾನು ಕಂಡ ಹಾಗೆ ಯಾರ ಸಮಾಧಿಗೂ ಸರ್ಕಾರ ಬೇಲಿ ಹಾಕಿದ್ದಿಲ್ಲ ಅಂತ ಹೇಳಿಕೊಂಡಳು. ಹಳೆಯ ಪಟವನ್ನೂ ನನ್ನ ಕೈಯಿಂದ ತೆಗೆದುಕೊಂಡಳು. ಒಂದು ಮನೆಯಲ್ಲಿರಲಿ, ಒಂದು ಮಗನ ಅಂಗಡಿಯಲ್ಲಿ. ಹಿಂದೆ ಅವರ ಹೆಸರು ಬರೆದುಕೊಡು ಅಂದಳು.

ಹೊಸದರ ಹಿಂದೆ ಚಿಕ್ಕಬೈರಪ್ಪ ಎಂದು ಬರೆದೆ. ಅದರ ಕೆಳಗೆ, ಸಮಾಧಿ ಕಲ್ಲು ರಸ್ತೆಯ ಪಶ್ಚಿಮಕ್ಕೆ ಎಂದು ಬರೆದೆ. ಹಳೆಯದನ್ನು ತಿರುಗಿಸಿದರೆ ಅಲ್ಲಿ ನನ್ನದೇ ಅಕ್ಷರ, ಪೂರ್ವಕ್ಕೆ, ಕೆಳಗೆ ರಾಯರ ರುಜು. ಅದು ಆಲ್ಬಮ್ಮಿಗೆ ಸೇರಬೇಕಾದ ಪಟ, ಕೊಡಬಾರದು. ಪೂರ್ವಕ್ಕೆ ಅನ್ನುವುದನ್ನು ಹೊಡೆದುಹಾಕಲು ಪೆನ್ನು ಇಟ್ಟೆ. ರುಜುವಿನ ಮೇಲೆ ಗೀಟು ಬೀಳುತ್ತದೆ ಅನ್ನಿಸಿ ನಿಲ್ಲಿಸಿದೆ. ಪಕ್ಕದಲ್ಲಿ ಹೆಸರು ಮಾತ್ರ ಬರೆದು ಕೊಟ್ಟೆ. ಅವಳು ಎರಡನ್ನೂ ಎಲೆಯಡಿಕೆ ಚೀಲದೊಳಗೆ ಇಟ್ಟು ಬಾಯಿ ಬಿಗಿದಳು. ಯಾವುದರ ಹಿಂದೆ ಏನಿದೆ ಎಂದು ಅವಳಿಗೆ ಓದಿ ಹೇಳುವವರು ಇಲ್ಲ. ತಿಮ್ಮರಾಯಪ್ಪ ಓದಬಲ್ಲ, ಆದರೆ ತಿರುಗಿಸಿ ನೋಡುವನಲ್ಲ.

ಅವಳು ಎಲೆಯ ಕಡೆಯಿಂದ ಒಂದು ಕಜ್ಜಾಯ ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು. ನಿಮ್ಮೋರು ತಿನ್ನಾಕಿಲ್ವೇನೋ, ತಿನ್ನು, ಬೆಲ್ಲದ್ದೇ ಅಂದಳು. ನಮ್ಮ ಮನೆಯಲ್ಲಿ ಈ ದಿನ ಹೊರಗೆ ಏನೂ ತಿನ್ನುವ ಹಾಗಿಲ್ಲ. ತಿಂದೆ. ಅವಳೇ ನನ್ನ ಬೊಗಸೆಗೆ ಚೊಂಬಿನ ಹಾಲು ಬಗ್ಗಿಸಿದಳು.

ರಸ್ತೆಯ ಆಚೆ, ಹೊಸ ಕಾಂಕ್ರೀಟಿನ ಮೇಲೆ ಒಂದು ಬಸ್ಸನ್ನು ಸುಮ್ಮನೆ ಪರೀಕ್ಷೆಗೆಂದು ತಂದಿದ್ದರು. ಒಬ್ಬ ಹಿಂದೆ ನಿಂತು, ಬರ್ಲಿ, ಬರ್ಲಿ ಅಂತ ಕೈಬೀಸುತ್ತಾ ಕರೆಯುತ್ತಿದ್ದ. ಬಸ್ಸು ಹಿಂದಕ್ಕೆ ಹಿಂದಕ್ಕೆ ಬಂದು, ಅವನು ತೋರಿಸಿದ ಜಾಗದಲ್ಲಿ ಸರಿಯಾಗಿ ನಿಂತಿತು. ಮುನಿವೆಂಕಟಮ್ಮ ಸೆರಗಿನಿಂದ ಕಣ್ಣಿಗೆ ನೆರಳು ಮಾಡಿಕೊಂಡು ಅದನ್ನು ನೋಡಿದಳು. ಸದ್ಯ, ಆ ಕಡೆ ಕಟ್ಟಿದ್ರು ಅಂದಳು.